ಬಣ್ಣ ಆಮೇಲೆ, ಮೊದಲು ಪಾಂಟೂನ್: ಗಚ್ಚಿಬೌಲಿಯ ದೋಣಿ ಗೆಳೆಯರಿಗೊಂದು ಬಹಿರಂಗ ಪತ್ರ

ಹೈದರಾಬಾದಿನ ಗಚ್ಚಿಬೌಲಿ, ಕೊಂಡಾಪುರ, ನಾನಕ್‌ರಾಮ್‌ಗೂಡದ ಕನ್ನಡ ಗೆಳೆಯರಿಗೆ,

ಯಾವುದೋ ರೆಸಾರ್ಟಿನವರು ಹರಾಜಿಗಿಟ್ಟ ಹಳೇ ಪಾಂಟೂನ್ ದೋಣಿಯನ್ನು ನೀವೆಲ್ಲ ದುಡ್ಡು ಹಾಕಿ ಕೊಂಡು, ಲಾರಿಯಲ್ಲಿ ತಂದು, ನಮ್ಮವರೊಬ್ಬರ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಇಳಿಸಿದ್ದೀರಿ. ಸಂತೋಷ. ಶನಿವಾರ, ಭಾನುವಾರ ಮಾಲ್ ಸುತ್ತುವುದಕ್ಕಿಂತ ಕೈಗೆ ಗ್ರೀಸು ಮೆತ್ತಿಕೊಳ್ಳುವುದು ಒಳ್ಳೆಯದೇ. ಆದರೆ ರಾಜ್ಯೋತ್ಸವದ ಊಟದ ದಿನ ನಿಮ್ಮ ಚರ್ಚೆಯನ್ನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ. ಯಾವ ಬಣ್ಣ ಬಳಿಯಬೇಕು, ಸೀಟಿಗೆ ಯಾವ ರೆಕ್ಸಿನ್, ಸ್ಪೀಕರ್ ಎಲ್ಲಿ, ಹಳದಿ-ಕೆಂಪು ಬಾವುಟ ಮುಂದೋ ಹಿಂದೋ, ಮಕ್ಕಳಿಗೆ ಜಾರುಬಂಡಿ ಇಡಲು ಮೇಲೊಂದು ಅಟ್ಟ ಕಟ್ಟಬಹುದೋ ಹೇಗೆ. ಹೋಳಿಗೆ ಮುಗಿದು ಮಜ್ಜಿಗೆ ಬಂದರೂ ಕೆಳಗಿನ ಎರಡು ಕೊಳವೆಗಳ, ಅಂದರೆ ಪಾಂಟೂನುಗಳ ಮಾತು ಯಾರ ಬಾಯಲ್ಲೂ ಬರಲಿಲ್ಲ. ದೋಣಿ ತೇಲುವುದು ಅವುಗಳಿಂದ. ಉಳಿದದ್ದೆಲ್ಲ ಅವುಗಳ ಮೇಲೆ ಹೊರಿಸಿದ ಸಾಮಾನು.

ಪತ್ರ ಬಹಿರಂಗವಾಗಿರಲಿ ಅಂತ ಬೇಕೆಂದೇ ಬರೆಯುತ್ತಿದ್ದೇನೆ. ದುಡ್ಡು ಹಾಕಿದವರು ನೀವಾದರೂ ಹತ್ತುವವರು ನಿಮ್ಮ ಮನೆಯವರು, ಮಕ್ಕಳು, ಊರಿಂದ ಬರುವ ಅಪ್ಪ ಅಮ್ಮ. ಅವರೂ ಓದಲಿ, ಹತ್ತುವ ಮುಂಚೆ ನಾಲ್ಕು ಪ್ರಶ್ನೆ ಕೇಳಲಿ.

ಈ ವಿಷಯದಲ್ಲಿ ಬಾಯಿ ಹಾಕಲು ನನಗೇನು ಹಕ್ಕು ಅಂತ ಕೇಳಬಹುದು. ಸಾಫ್ಟ್‌ವೇರಿಗೆ ಬರುವ ಮುಂಚೆ ಕೆಲವು ವರ್ಷ ಕರಾವಳಿಯ ಒಂದು ಯಾರ್ಡಿನಲ್ಲಿ ದೋಣಿ ರಿಪೇರಿಯ ಮೇಲ್ವಿಚಾರಣೆ ಮಾಡಿದ್ದೇನೆ. ಅದಕ್ಕೂ ಮುಂಚೆ, ನಾನು ಸಾಗರ ತಾಲೂಕಿನ ಕರೂರು ಹೋಬಳಿಯವನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿಕೊಂಡ ಮೇಲೆ ನಮ್ಮ ಕಡೆಯವರು ಪೇಟೆಗೆ ಬರಬೇಕಾದರೆ ಲಾಂಚೇ ಗತಿ. ಹೊಳೆಬಾಗಿಲಿನಲ್ಲಿ ಬಸ್ಸು, ಜೀಪು, ಅಡಿಕೆ ಮೂಟೆ, ಮದುವೆ ದಿಬ್ಬಣ, ಹೆರಿಗೆಗೆ ಹೊರಟವರು, ಸಿಗಂದೂರಿನ ಭಕ್ತರು ಎಲ್ಲ ಒಂದೇ ತಗಡಿನ ಮೇಲೆ ನಿಂತು ದಾಟುತ್ತಿದ್ದರು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾಯಿತು. ಸುಮಾರು ಎರಡೂವರೆ ಕಿಲೋಮೀಟರು ಉದ್ದದ್ದು. ಈಗ ನಮ್ಮ ಊರಿನ ಹುಡುಗರು ಐದು ನಿಮಿಷದಲ್ಲಿ ಬೈಕಿನಲ್ಲಿ ದಾಟುತ್ತಾರೆ, ದಾಟಲಿ. ಅರವತ್ತು ವರ್ಷ ಕಾದದ್ದಕ್ಕೆ ಅಷ್ಟಾದರೂ ಸಿಗಬೇಕು. ಆದರೆ ಅಷ್ಟು ಕಾಲ ಆ ಭಾರ ಹೊತ್ತದ್ದು ಡೆಕ್ಕಿನ ಕೆಳಗಿನ ಮುಚ್ಚಿದ ಉಕ್ಕಿನ ಕೋಣೆಗಳ ಗಾಳಿ ಅನ್ನುವುದು ನನಗೆ ಯಾರ್ಡಿಗೆ ಸೇರಿದ ಮೇಲೇ ಸರಿಯಾಗಿ ತಲೆಗೆ ಹೋದದ್ದು. ಟಿಕೆಟ್ ತಗೊಂಡು ನಿಂತವರು ಯಾರೂ ಕೆಳಗೆ ಬಗ್ಗಿ ನೋಡುವುದಿಲ್ಲ.

ನಿಮ್ಮ ದೋಣಿಯ ಹುಟ್ಟೂ ಅಂಥದ್ದೇ ಸರಳ. ಅಮೆರಿಕದ ಮಿನ್ನೆಸೋಟಾದಲ್ಲಿ ಆಂಬ್ರೋಸ್ ವೀರೆಸ್ ಅನ್ನುವ ರೈತ 1950ರ ದಶಕದ ಮೊದಲಲ್ಲಿ ಕಬ್ಬಿಣದ ಡ್ರಮ್ಮುಗಳನ್ನು ಸಾಲಾಗಿ ಬೆಸೆದು, ಎರಡು ಸಾಲಿನ ಮೇಲೆ ಹಲಗೆ ಹಾಸಿದ. ನಮ್ಮ ದೇವಸ್ಥಾನಗಳ ತೆಪ್ಪೋತ್ಸವಕ್ಕೆ ಪುಷ್ಕರಣಿಯಲ್ಲಿ ಡ್ರಮ್ಮು ಕಟ್ಟಿ ತೆಪ್ಪ ಮಾಡುವವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. 2025ರ ಮಹಾಕುಂಭದಲ್ಲಿ ಪ್ರಯಾಗದ ಗಂಗೆಯ ಮೇಲೆ 30 ಪಾಂಟೂನ್ ಸೇತುವೆ ಹಾಕಿ ಜನಸಾಗರವನ್ನು ದಾಟಿಸಿದ್ದೂ ಇದೇ ತತ್ವದಲ್ಲಿ.

ಈಗ ಸ್ವಲ್ಪ ಲೆಕ್ಕ. ಬೇಜಾರು ಮಾಡಿಕೊಳ್ಳಬೇಡಿ, ನೀವೆಲ್ಲ ಎಂಜಿನಿಯರುಗಳೇ. ನಾನು ಟೇಪು ಹಿಡಿದು ನೋಡಿದಂತೆ ನಿಮ್ಮ ಅಲ್ಯೂಮಿನಿಯಂ ಕೊಳವೆಯ ವ್ಯಾಸ 24 ಇಂಚು, ಉದ್ದ ಸುಮಾರು 6 ಮೀಟರು. ಒಂದು ಕೊಳವೆಯ ಗಾತ್ರ 1.75 ಘನ ಮೀಟರು, ಅಂದರೆ ಪೂರ್ತಿ ಮುಳುಗಿದರೆ 1750 ಕಿಲೋ ಹೊರುತ್ತದೆ. ಎರಡೂ ಸೇರಿ 3500. ಪೂರ್ತಿ ಮುಳುಗುವ ತನಕ ಹೊರಿಸುವುದು ಹುಚ್ಚುತನ. ಕೊಳವೆ ಅರ್ಧಕ್ಕಿಂತ ಹೆಚ್ಚು ಮುಳುಗಬಾರದು ಅಂತ ಇಟ್ಟುಕೊಂಡರೆ ಕೈಯಲ್ಲಿ ಉಳಿಯುವುದು 1750 ಕಿಲೋ. ಅದರಲ್ಲಿ ದೋಣಿಯ ಸ್ವಂತ ತೂಕ, ಮೋಟಾರು, ಪೆಟ್ರೋಲು, ಬ್ಯಾಟರಿ, ನೆರಳಿನ ಚಪ್ಪರ ಎಲ್ಲ ಸೇರಿ 900 ಕಿಲೋ ಅಂತ ಹಿಡಿಯಿರಿ. ಉಳಿದದ್ದು 850, ಅಂದರೆ ಹನ್ನೊಂದು ಜನ. ಊಟದ ದಿನ ನೀವು ಹಾಕಿದ ಪಟ್ಟಿಯಲ್ಲಿ ಇಪ್ಪತ್ತು ಹೆಸರಿದ್ದವು, ಜತೆಗೆ ಬಿಸಿಬೇಳೆಬಾತಿನ ಪಾತ್ರೆ.

ಇದು ಕೊಳವೆಯ ಒಳಗೆ ಬರೀ ಗಾಳಿ ಇದ್ದಾಗಿನ ಲೆಕ್ಕ. ಒಳಗೆ ಅಡ್ಡಗೋಡೆ ಹಾಕಿ ಪ್ರತಿ ಕೊಳವೆಯನ್ನು ಸಾಮಾನ್ಯವಾಗಿ ಮೂರು ಕೋಣೆ ಮಾಡಿರುತ್ತಾರೆ, ಒಂದು ತೂತಾದರೂ ಉಳಿದೆರಡು ಕಾಯಲಿ ಅಂತ. ಒಂದು ಕೋಣೆ ತುಂಬಿದರೆ 580 ಕಿಲೋ ಹೊರುವ ಶಕ್ತಿ ಹೋಯಿತು, ಅದೂ ಒಂದೇ ಪಕ್ಕದಲ್ಲಿ, ಒಂದೇ ತುದಿಯಲ್ಲಿ.

ನೀರು ಹೇಗೆ ಒಳಗೆ ಬರುತ್ತದೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೈದರಾಬಾದಿನ ಬಿಸಿಲಿಗೆ ಇದು ಚೆನ್ನಾಗಿ ಹೊಂದುತ್ತದೆ. ದಡದಲ್ಲಿ ಮೇ ತಿಂಗಳ ಬಿಸಿಲಿಗೆ ಕಾದ ಕೊಳವೆಯ ಒಳಗಿನ ಗಾಳಿ ಹಿಗ್ಗಿ, ಸೂಜಿಮೊನೆಯಷ್ಟು ತೂತಿದ್ದರೂ ಅಲ್ಲಿಂದ ಆಚೆ ಹೋಗುತ್ತದೆ. ಆಮೇಲೆ ದೋಣಿಯನ್ನು ಕೆರೆಗೆ ಇಳಿಸುತ್ತೀರಿ. ತಣ್ಣೀರು ತಾಗಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಆ ತೂತು ಈಗ ನೀರಿನ ಕೆಳಗಿದೆ, ಕೊಳವೆ ನೀರನ್ನು ಎಳೆದುಕೊಳ್ಳುತ್ತದೆ. ಸೋರುವುದಲ್ಲ, ಕುಡಿಯುವುದು. ವಾರಕ್ಕೊಮ್ಮೆ ಇಳಿಸಿದರೆ ವಾರಕ್ಕೊಮ್ಮೆ ಕುಡಿಯುತ್ತದೆ, ಮೇಲೆ ಕೂತವರಿಗೆ ಗೊತ್ತೂ ಆಗುವುದಿಲ್ಲ. ಒಂದು ದಿನ ಎಡಗಡೆ ಯಾಕೋ ತಗ್ಗಾಗಿದೆಯಲ್ಲ ಅನ್ನಿಸಿದಾಗ ಅಲ್ಲಿ ಬಕೆಟ್ಟುಗಟ್ಟಲೆ ನೀರಿರುತ್ತದೆ.

ಹಾಗಾಗಿ ಮೊದಲ ಕೆಲಸ ಗಾಳಿ ಪರೀಕ್ಷೆ. ಇದನ್ನು ಟೈರಿನ ಅಂಗಡಿಯ ಕಂಪ್ರೆಸರಿನಲ್ಲಿ ಮಾಡಬೇಡಿ, ಕೈಮುಗಿದು ಕೇಳಿಕೊಳ್ಳುತ್ತೇನೆ. 24 ಇಂಚಿನ ಕೊಳವೆಯ ಕೊನೆಯ ಮುಚ್ಚಳದ ಮೇಲೆ ಬರೀ 2 ಪಿಎಸ್‌ಐ ಒತ್ತಡ ಅಂದರೆ ನಾನೂರು ಕಿಲೋ ತಳ್ಳಿದ ಹಾಗೆ. ಕಾರಿನ ಟೈರಿಗೆ ಹಾಕುವ 33 ಪಿಎಸ್‌ಐ ಕೊಟ್ಟರೆ ಆರೂವರೆ ಟನ್ನು ಮೀರುತ್ತದೆ, ಮುಚ್ಚಳ ಎದುರಿಗಿದ್ದವರನ್ನು ಕೊಂದುಹಾಕುತ್ತದೆ. ಯಾರ್ಡಿನಲ್ಲಿ ನಾವು ಮಾಡುತ್ತಿದ್ದ ವಿಧಾನ ಅಗ್ಗದ್ದು. ಗಾರೆಯವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ಇರುತ್ತದಲ್ಲ, ಅದನ್ನು ಬಗ್ಗಿಸಿ ಗೋಡೆಗೆ ಕಟ್ಟಿ, ಅರ್ಧ ನೀರು ತುಂಬಿ, ಬಣ್ಣ ಕಾಣಲಿ ಅಂತ ಚಿಟಿಕೆ ಕುಂಕುಮ ಹಾಕಿ. ಕೋಣೆಯ ಡ್ರೈನ್ ತೂತಿಗೆ ಮೂರು ಬಾಯಿಯ ಒಂದು ಟೀ ಕೂರಿಸಿ, ಒಂದು ಬಾಯಿಗೆ ಈ ಪೈಪು, ಇನ್ನೊಂದಕ್ಕೆ ಸೈಕಲ್ ಪಂಪು. ಎರಡೂ ಕಡೆಯ ನೀರಿನ ಮಟ್ಟದಲ್ಲಿ 70 ಸೆಂಟಿಮೀಟರು ವ್ಯತ್ಯಾಸ ಬಂದರೆ 1 ಪಿಎಸ್‌ಐ. ಅಷ್ಟು ಸಾಕು. ಪಂಪು ಹೊಡೆಯುವವನಿಗೆ ಉತ್ಸಾಹ ಹೆಚ್ಚಾದರೆ ನೀರು ಪೈಪಿನಿಂದ ಮೇಲಕ್ಕೆ ಚಿಮ್ಮಿ ಗಾಳಿ ಹೊರಗೆ ಹೋಗುತ್ತದೆ, ಕೊಳವೆಗೆ ಏನೂ ಆಗುವುದಿಲ್ಲ. ಪೈಪನ್ನು ತೀರಾ ಎತ್ತರಕ್ಕೆ ಕಟ್ಟದಿದ್ದರೆ ಆಯಿತು. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಮಾಡಿ. ಬಿಸಿಲು ಬಿದ್ದರೆ ಸೋರುತ್ತಿರುವ ಕೋಣೆಯೂ ಮಟ್ಟ ಹಿಡಿದು ನಿಂತಂತೆ ನಾಟಕ ಆಡುತ್ತದೆ. ಆಮೇಲೆ ಬೆಸುಗೆಯ ಉದ್ದಕ್ಕೂ ಸೋಪಿನ ನೀರು ಬಳಿದು ಗುಳ್ಳೆ ಹುಡುಕಿ. ಹೆಚ್ಚಾಗಿ ಸಿಗುವುದು ಎರಡು ಕಡೆ: ದಡಕ್ಕೆ ಎಳೆದು ಎಳೆದು ಸವೆದ ಮುಂದಿನ ಹೊಟ್ಟೆ, ಮತ್ತು ಡೆಕ್ಕಿನ ಅಡ್ಡಪಟ್ಟಿ ಕೂರುವ ಬ್ರಾಕೆಟ್ಟಿನ ಬುಡ.

ಗುಳ್ಳೆ ಸಿಕ್ಕ ಕಡೆ ಎಂ-ಸೀಲ್ ಮೆತ್ತಿ ಬಣ್ಣ ಹೊಡೆದರೆ ಸಾಕು ಅಂತ ಯಾರೋ ಹೇಳಿದ್ದನ್ನು ಕೇಳಿದೆ. ನಡುನೀರಿನಲ್ಲಿ ಸಿಕ್ಕಿಬಿದ್ದಾಗ ದಡ ಸೇರಲು ಅದು ಸರಿ, ರಿಪೇರಿ ಅನ್ನಿಸಿಕೊಳ್ಳುವುದಿಲ್ಲ. ಮೇಲೆ ಥಳಕು, ಒಳಗೆ ಹುಳುಕು. ಅಲ್ಯೂಮಿನಿಯಂ ಬೆಸುಗೆಗೆ ಗೇಟು, ಗ್ರಿಲ್ಲು ಮಾಡುವವರ ಹತ್ತಿರ ಹೋಗಬೇಡಿ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2000ಕ್ಕಿಂತ ಹೆಚ್ಚು ಬೇಕು. ಆ ಪೊರೆ ತೆಗೆಯದೆ ಬೆಸೆದರೆ ಮೇಲೆ ಗಂಟು ಕಾಣುತ್ತದೆ, ಕೆಳಗೆ ಹಿಡಿದಿರುವುದಿಲ್ಲ. ಆರ್ಗಾನ್ ಗ್ಯಾಸಿನಲ್ಲಿ ಟಿಗ್ ಬೆಸುಗೆ ಹಾಕುವವರು ಬೇಕು, ಬೇರೆ ಲೋಹಕ್ಕೆ ಮುಟ್ಟಿಸದ ಸ್ಟೇನ್‌ಲೆಸ್ ಬ್ರಷ್ ಬೇಕು. ನಮ್ಮ ಪುಣ್ಯಕ್ಕೆ ಬಾಲಾನಗರ ಹತ್ತಿರದಲ್ಲೇ ಇದೆ. ವಿಮಾನದ ಕೆಲಸ ನೋಡಿದ ಕೈಗಳು ಅಲ್ಲಿನ ಸಣ್ಣ ಶೆಡ್ಡುಗಳಲ್ಲಿ ಸಿಗುತ್ತವೆ. ಬೆಸೆಯುವಾಗ ಡ್ರೈನ್ ಬಿರಡೆ ತೆಗೆದಿರಲಿ, ಇಲ್ಲದಿದ್ದರೆ ಒಳಗಿನ ಬಿಸಿಗಾಳಿ ಕರಗಿದ ಲೋಹವನ್ನೇ ಊದಿ ತೂತು ಮಾಡುತ್ತದೆ. ಇನ್ನು ಕೊಳವೆಯೊಳಗೆ ಫೋಮ್ ತುಂಬಿಸಿದರೆ ತೂತಾದರೂ ಮುಳುಗುವುದಿಲ್ಲ ಅನ್ನುವ ಉಪಾಯವೂ ತೇಲಿಬಂತು. ಬೇಡ. ಆ ಫೋಮು ವರ್ಷಗಟ್ಟಲೆ ಹನಿಹನಿಯಾಗಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮುಂದೆ ಯಾವಾಗಾದರೂ ಬೆಸೆಯಲು ಹೋದರೆ ವಿಷದ ಹೊಗೆ.

ಇಷ್ಟೆಲ್ಲ ಯಾಕೆ, ಪೀಪಾಯಿ ಕಟ್ಟಿ ಹೊಸದೇ ಮಾಡೋಣ ಅಂದವರಿಗೆ ಎರಡು ಮಾತು. ಗುಜರಿಯಲ್ಲಿ ಸಿಗುವ ಡ್ರಮ್ಮಿನಲ್ಲಿ ಮುಂಚೆ ಏನಿತ್ತು ಅನ್ನುವುದು ನಿಮಗೆ ಗೊತ್ತಿರುವುದಿಲ್ಲ. ಸುತ್ತ ಔಷಧ, ರಾಸಾಯನಿಕದ ಕಾರ್ಖಾನೆಗಳಿರುವ ಊರು ಇದು. ಖಾಲಿ ಕಂಡ ಕಬ್ಬಿಣದ ಡ್ರಮ್ಮಿಗೆ ವೆಲ್ಡಿಂಗ್ ಕಿಡಿ ತಾಗಿಸಿ ಸತ್ತವರಿದ್ದಾರೆ, ಒಳಗೆ ಉಳಿದ ಆವಿ ಸಾಕು. ಉಕ್ಕಿನ ಮುಚ್ಚಿದ ಕೋಣೆಗಂತೂ ಇನ್ನೊಂದು ಗುಣ: ಒಳಗೆ ತುಕ್ಕು ಹಿಡಿಯುತ್ತಾ ಗಾಳಿಯ ಆಮ್ಲಜನಕವನ್ನು ತಿಂದು ಮುಗಿಸಿರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಇಳಿದ ಮನುಷ್ಯ ಎರಡು ಉಸಿರಿಗೆ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನೂ ಅಲ್ಲೇ. ಯಾರ್ಡಿನಲ್ಲಿ ಮ್ಯಾನ್‌ಹೋಲ್ ತೆರೆದು, ಬ್ಲೋವರಿನಿಂದ ಗಾಳಿ ಊದಿ, ಮೀಟರು ಇಳಿಬಿಟ್ಟು ನೋಡದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ.

ಇನ್ನು ಹಲಗೆಯ ವಿಷಯ. ನಿಮ್ಮ ಡೆಕ್ಕಿನ ಕಾರ್ಪೆಟ್ಟನ್ನು ಒಂದು ಮೂಲೆಯಲ್ಲಿ ಎತ್ತಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ. ಹಿಡಿಯ ತನಕ ಇಳಿಯಿತು. ಆ ಪ್ಲೈವುಡ್ ಒಣಗಿದ್ದಾಗ ನೂರೈವತ್ತು ಕಿಲೋ ತೂಗಿದ್ದರೆ ಈಗ ನೀರು ಕುಡಿದು ಎಷ್ಟಾಗಿದೆಯೋ. ಆ ಹೆಚ್ಚಿನ ತೂಕವೂ ನಿಮ್ಮ 850ರಲ್ಲೇ ಕಳೆಯಬೇಕು. ಅದನ್ನು ಪೂರ್ತಿ ಕಿತ್ತುಹಾಕಿ. ಮೇಲೆ ಹೊಸ ಹಾಳೆ ಅಂಟಿಸಿ ಮುಚ್ಚುವ ಯೋಚನೆ ಬೇಡ. ಹೊಸದು ಕೊಳ್ಳುವಾಗ ಐಎಸ್ 710 ಮುದ್ರೆ ಇರುವ ಮೆರೈನ್ ಪ್ಲೈ ಕೇಳಿ. ಅಡುಗೆಮನೆ ಕಪಾಟಿಗೆ ಹಾಕುವ ವಾಟರ್‌ಪ್ರೂಫ್ ಅನ್ನಿಸಿಕೊಂಡದ್ದು ಬೇಡ. ಹಸಿರು ಬಣ್ಣದ ತಾಮ್ರದ ಔಷಧಿ ಕುಡಿಸಿದ ಮರವೂ ಬೇಡ. ತಾಮ್ರ ತಾಗಿದ ಕಡೆ ಒದ್ದೆಯಿದ್ದರೆ ಅಲ್ಯೂಮಿನಿಯಂ ಉಪ್ಪು ಹಿಡಿದು ಬೆಳ್ಳಗೆ ಪುಡಿಯಾಗುತ್ತಾ ಹೋಗುತ್ತದೆ. ಹಡಗಿನ ತಳಕ್ಕೆ ಬಳಿಯುವ ತಾಮ್ರದ ಪೇಂಟಿಗೂ ಇದೇ ಮಾತು. ಬೋಲ್ಟು ಸ್ಟೇನ್‌ಲೆಸ್ ಇರಲಿ, ಕೆಳಗೆ ನೈಲಾನ್ ವಾಷರ್ ಇರಲಿ. ರಾಣಿಗಂಜಿನಲ್ಲಿ ಒಂದು ಸುತ್ತು ಹಾಕಿದರೆ ಇವೆಲ್ಲ ಸಿಗುತ್ತವೆ, ಬಿಸಿಲಿಗೆ ಮುಂಚೆ ಹೋಗಿ.

ಮೋಟಾರಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನಿಮ್ಮಲ್ಲಿ ಬುಲೆಟ್ ಬಿಚ್ಚಿ ಜೋಡಿಸುವವರಿದ್ದಾರೆ. ಗೇರ್ ಆಯಿಲ್ ಬಿರಡೆ ಬಿಚ್ಚಿದಾಗ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಬಂದರೆ ಸೀಲು ಹೋಗಿ ನೀರು ಸೇರಿದೆ ಅಂತ ಲೆಕ್ಕ. ನೀರು ಎಳೆಯುವ ರಬ್ಬರ್ ಇಂಪೆಲರ್ ಹೇಗಿದ್ದರೂ ಬದಲಾಯಿಸಿ. ನಿಂತಲ್ಲೇ ಗಟ್ಟಿಯಾಗಿರುತ್ತದೆ. ಡ್ರಮ್ಮಿನ ನೀರಿನಲ್ಲಿ ಮೋಟಾರಿನ ಕಾಲು ಮುಳುಗಿಸದೆ ಚಾಲೂ ಮಾಡಬೇಡಿ, ಮತ್ತು ಯಾವ ಕಾರಣಕ್ಕೂ ಸೆಲ್ಲಾರಿನಲ್ಲಿ ಚಾಲೂ ಮಾಡಬೇಡಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ, ಹಳೇ ರಬ್ಬರ್ ಪೈಪು ಅದಕ್ಕೆ ತಾಳುವುದಿಲ್ಲ. ಎಲ್ಲ ಹೊಸದು ಹಾಕಿಬಿಡಿ.

ಆ ಮೇಲಿನ ಅಟ್ಟದ ವಿಷಯಕ್ಕೆ ಬರೋಣ. ಟ್ಯಾಂಕ್‌ಬಂಡಿಗೆ ನೆಂಟರನ್ನು ಕರೆದುಕೊಂಡು ಹೋಗಿ ಹುಸೇನ್ ಸಾಗರದ ನಡುವಿನ ಬುದ್ಧನನ್ನು ನೀವೆಲ್ಲ ತೋರಿಸಿದ್ದೀರಿ. ರಾಯಗಿರಿಯ ಕಲ್ಲಿನಲ್ಲಿ ಕಡೆದ ಆ ಮೂರ್ತಿಯನ್ನು 1990ರ ಮಾರ್ಚಿನಲ್ಲಿ ಬಾರ್ಜಿನ ಮೇಲೆ ಸಾಗಿಸುವಾಗ, ದಡದಿಂದ ಹೆಚ್ಚು ದೂರ ಹೋಗುವ ಮುಂಚೆಯೇ ಬಾರ್ಜು ವಾಲಿತು. ನೂರಾರು ಟನ್ನಿನ ಬುದ್ಧ ಕೆರೆಯ ತಳ ಸೇರಿದ, ಕೆಲಸಗಾರರು ಪ್ರಾಣ ಕಳೆದುಕೊಂಡರು. ಎರಡು ವರ್ಷಕ್ಕೂ ಹೆಚ್ಚು ಕಾಲ ನೀರಿನಡಿ ಮಲಗಿದ್ದವನನ್ನು ಎತ್ತಿ ನಿಲ್ಲಿಸಿದ್ದು 1992ರ ಡಿಸೆಂಬರಿನಲ್ಲಿ. ಮಾಮೂಲಾಗಿ ಇದನ್ನು ಕತೆಯ ಹಾಗೆ ಹೇಳಿ ಮುಂದೆ ಹೋಗುತ್ತಾರೆ. ದೋಣಿ ಕಟ್ಟುವವರು ಅಲ್ಲಿ ಸ್ವಲ್ಪ ನಿಲ್ಲಬೇಕು. ತೇಲುವುದು ಬೇರೆ, ನೆಟ್ಟಗೆ ತೇಲುವುದು ಬೇರೆ. ಒಂದು ಪಕ್ಕ ಸ್ವಲ್ಪ ತಗ್ಗಿದರೆ ಕಟ್ಟದ ಭಾರ ಆ ಕಡೆಗೇ ಸರಿಯುತ್ತದೆ, ಕೊಳವೆಯೊಳಗಿನ ನೀರೂ ಆ ಕಡೆಗೇ ಓಡುತ್ತದೆ, ಜನ ಏನಾಯಿತು ಅಂತ ನೋಡಲು ಆ ಕಡೆಗೇ ಬರುತ್ತಾರೆ. ಭಾರ ಎತ್ತರಕ್ಕೆ ಹೋದಷ್ಟೂ ದೋಣಿ ತಿರುಗಿ ನೆಟ್ಟಗಾಗುವ ಶಕ್ತಿ ಕಡಿಮೆ. ಎರಡೇ ಕೊಳವೆಯ ದೋಣಿಗೆ ಅಟ್ಟ, ಜಾರುಬಂಡಿ ಬೇಡವೇ ಬೇಡ. ಸೆಲ್ಫಿಗೆ ಎಲ್ಲರೂ ಮುಂದಿನ ಕಟಕಟೆಗೆ ಬಂದು ನಿಲ್ಲುವುದೂ ಅಪಾಯವೇ. ಮೂಗು ನೀರಿಗೆ ಇಳಿದರೆ ಡೆಕ್ಕಿನ ಮೇಲೆ ನೀರು ಹತ್ತುತ್ತದೆ. ಎಷ್ಟು ಜನ ಅನ್ನುವುದನ್ನು ಡೆಕ್ಕಿನ ಕಂಬಕ್ಕೆ ದಪ್ಪ ಅಕ್ಷರದಲ್ಲಿ ಬರೆಸಿ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ ಮಕ್ಕಳೂ ಸೇರಿ ಹದಿನಾರು ಜನ ಹೋದರು. ಹಿಡಿಸುವುದಕ್ಕಿಂತ ಹೆಚ್ಚು ಜನ ಹತ್ತಿದ್ದರು. ಇನ್ನೊಬ್ಬರು ತಾನೇ ಬರಲಿ ಬಿಡಿ ಅನ್ನುವ ನಮ್ಮ ಒಳ್ಳೆಯತನ ನೀರಿನ ಮೇಲೆ ನಡೆಯುವುದಿಲ್ಲ.

ಕೊನೆಗೆ, ಇಳಿಸುವುದೆಲ್ಲಿ? ಈ ಪ್ರಶ್ನೆಯನ್ನು ದೋಣಿ ಕೊಳ್ಳುವ ಮುಂಚೆ ಕೇಳಬೇಕಿತ್ತು, ಇರಲಿ. ಗಂಡಿಪೇಟೆ ಹತ್ತಿರ ಅಂತ ಉಸ್ಮಾನ್ ಸಾಗರದ ಕಡೆ ಕಣ್ಣು ಹಾಕಬೇಡಿ. 1908ರ ಮೂಸಿ ಪ್ರವಾಹದಲ್ಲಿ ಊರು ಕೊಚ್ಚಿಹೋದ ಮೇಲೆ ನಿಜಾಮರು ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯಿಂದ ಎದ್ದ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎರಡೂ ಕುಡಿಯುವ ನೀರಿನ ಜಲಾಶಯಗಳು. ಕನ್ನಡದವರೇ ಹೋಗಿ ಅವುಗಳಲ್ಲಿ ಪೆಟ್ರೋಲ್ ಮೋಟಾರು ಬಿಡುವುದು ಚೆನ್ನಾಗಿರುವುದಿಲ್ಲ. ದುರ್ಗಂ ಚೆರುವಿನಲ್ಲಾಗಲಿ ಹುಸೇನ್ ಸಾಗರದಲ್ಲಾಗಲಿ ಖಾಸಗಿ ದೋಣಿಯನ್ನು ಸುಮ್ಮನೆ ತಂದು ಇಳಿಸುವಂತಿಲ್ಲ, ಕೆರೆ ಯಾರ ಸುಪರ್ದಿನಲ್ಲಿದೆಯೋ ಅವರ ಲಿಖಿತ ಅನುಮತಿ ಬೇಕು. ಯಂತ್ರ ಕೂರಿಸಿದ ದೋಣಿಗೆ 2021ರ ಒಳನಾಡು ಹಡಗು ಕಾಯ್ದೆ ಇದೆ, 1917ರ ಹಳೇ ಕಾಯ್ದೆಯ ಜಾಗಕ್ಕೆ ಬಂದದ್ದು. ಸರ್ವೆ, ನೋಂದಣಿ, ವಿಮೆಯ ಮಾತು ಅದರಲ್ಲಿ ಬರುತ್ತದೆ. ಬಣ್ಣದ ಡಬ್ಬಿ ಕೊಳ್ಳುವ ಮುಂಚೆ ನಿಮ್ಮಲ್ಲೊಬ್ಬರು ಈ ಕಾಗದಪತ್ರದ ಹೊಣೆ ಹೊರಲಿ. ಅನುಮತಿ ಸಿಗದಿದ್ದರೆ ಮೋಟಾರಿಗೆ ಹಾಕುವ ದುಡ್ಡಾದರೂ ಉಳಿಯುತ್ತದೆ. ಇಲ್ಲಿನವರು ಗುರ್ರಪು ಡೆಕ್ಕ ಅನ್ನುವ ಜಲಕಳೆ ತುಂಬಿದ ಕೆರೆಗೆ ಇಳಿಸಿದಿರಾದರೆ, ಮೇಲೆ ತಂದಾಗ ಕೊಳವೆ, ಪ್ರೊಪೆಲ್ಲರು, ಟ್ರೇಲರು ಎಲ್ಲ ತೊಳೆದು ಒಂದು ಎಲೆಯನ್ನೂ ಇನ್ನೊಂದು ಕೆರೆಗೆ ಒಯ್ಯಬೇಡಿ.

ದುಡ್ಡಿನ ವಿಷಯದಲ್ಲಿ ನನ್ನ ಅಭಿಪ್ರಾಯ: ಒಟ್ಟು ಹೂಡಿಕೆಯ ಅರ್ಧ ಕೊಳವೆಗೆ, ಉಳಿದರ್ಧದಲ್ಲಿ ಹೆಚ್ಚಿನ ಪಾಲು ಹಲಗೆ ಮತ್ತು ಲೈಫ್ ಜಾಕೆಟ್ಟಿಗೆ. ಜಾಕೆಟ್ಟು ತಲೆಗೊಂದು, ಮಕ್ಕಳಿಗೆ ಮಕ್ಕಳ ಅಳತೆಯದ್ದು. ಸೀಟಿಗೆ ಏನೂ ಉಳಿಯದಿದ್ದರೆ ಪ್ಲಾಸ್ಟಿಕ್ ಕುರ್ಚಿ ಸಾಕು, ಕಾಲು ಕಟ್ಟಿಹಾಕಿ. ಸ್ಪೀಕರಿನ ಬಗ್ಗೆ ನನ್ನನ್ನು ಕೇಳಬೇಡಿ.

ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಸೈಟಿಗೆ ಬರುತ್ತೇನೆ. ಗಾರೆಯವರ ಪೈಪು, ಟೀ, ಬಿರಡೆ ನನ್ನ ಹತ್ತಿರ ಇವೆ. ನೀವು ಸೈಕಲ್ ಪಂಪು, ಸೋಪಿನ ಪುಡಿ, ಎರಡು ಬ್ರಷ್ಷು, ಗುರುತು ಹಾಕಲು ಮಾರ್ಕರು ತನ್ನಿ. ಅಷ್ಟರೊಳಗೆ ಆರೂ ಡ್ರೈನ್ ಬಿರಡೆ ಬಿಚ್ಚಿ, ದೋಣಿಯ ಮೂಗನ್ನು ಜ್ಯಾಕಿನಲ್ಲಿ ಒಂದಡಿ ಎತ್ತಿ ಇಟ್ಟಿದ್ದರೆ ಒಳಗಿನ ನೀರು ಹರಿದು ಹೋಗಿರುತ್ತದೆ. ಪ್ರತಿ ಬಿರಡೆಯ ಕೆಳಗೂ ಒಂದೊಂದು ಬಕೆಟ್ಟು ಇಡಿ, ಯಾವ ಕೋಣೆಯಿಂದ ಎಷ್ಟು ಬಂತು ಅಂತ ಬರೆದಿಡಿ. ಜ್ಯಾಕಿನ ಜತೆ ಮರದ ದಿಮ್ಮಿಯನ್ನೂ ಕೊಟ್ಟಿರಿ, ಬರೀ ಜ್ಯಾಕನ್ನು ನಂಬಿ ಯಾರೂ ಕೆಳಗೆ ಹೋಗಬೇಡಿ.

ಇಂತಿ ನಿಮ್ಮವ,
ಕರೂರು ಹೋಬಳಿಯಿಂದ ಬಂದು ಗಚ್ಚಿಬೌಲಿಯಲ್ಲಿ ನೆಲೆಸಿದವನು